ಧನ್ಯವಾದವಿಲ್ಲದ ಸಭೆ

ಪಿ.ಟಿ. ಮಾಸ್ಟ್ರ ಸಂತಾಪ ಸಭೆಯ ಕಾರ್ಯಕ್ರಮ ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಒಂದು, ಪುಷ್ಪನಮನ. ಎರಡು, ಪರಿಚಯ. ಮೂರು, ನುಡಿನಮನ. ನಾಲ್ಕು, ಮೌನ ಪ್ರಾರ್ಥನೆ. ಕೈ ಅಲ್ಲಿಗೆ ನಿಲ್ಲದೆ ಐದು ಎಂದು ಹಾಕಿ ‘ಧನ್ಯವಾದ’ ಎಂದು ಬರೆದುಬಿಟ್ಟಿತು. ಬರೆದ ಮೇಲೆ ನಗು ಬಂತು. ಅವರಿದ್ದಿದ್ದರೆ ಪಟ್ಟಿಯನ್ನು ಕಣ್ಣಿನಿಂದ ಒಂದು ಮೊಳ ದೂರ ಹಿಡಿದು ಓದಿ, “ಎಂತ ಪಂಡಿತ್ರೆ, ಸತ್ತದ್ದಕ್ಕೆ ಥ್ಯಾಂಕ್ಸಾ?” ಎಂದು ಕೇಳುತ್ತಿದ್ದರು. ಸಂತಾಪ ಸಭೆಗೆ ಧನ್ಯವಾದ ಇಲ್ಲ ಎನ್ನುವುದು ಅವರೇ ನನಗೆ ಹೇಳಿಕೊಟ್ಟ ಪಾಠ. ಐದನೆಯದನ್ನು ಹೊಡೆದು ಹಾಕಿದೆ.

ಅವರು ಮಡಂತ್ಯಾರಿನ ಹತ್ತಿರದ ನಮ್ಮ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕರು. ಊರಿಗೆಲ್ಲ ಪಿ.ಟಿ. ಮಾಸ್ಟ್ರು. ಮುಂಡಾಜೆಯ ಕಡೆಯವರು. ನಾನು ಅದೇ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಸ್ಟಾಫ್‌ರೂಮಿನಲ್ಲಿ ನಮ್ಮಿಬ್ಬರ ಮೇಜು ಒಂದಕ್ಕೊಂದು ತಾಗಿಕೊಂಡಿತ್ತು. ಅವರ ವಾಲಿಬಾಲ್ ಉರುಳಿ ನನ್ನ ಉತ್ತರಪತ್ರಿಕೆಗಳ ಮೇಲೆ ಬರುತ್ತಿತ್ತು, ನನ್ನ ಕೆಂಪು ಶಾಯಿ ಅವರ ಹಾಜರಿ ಪುಸ್ತಕಕ್ಕೆ ಹತ್ತುತ್ತಿತ್ತು. ಹದಿನೆಂಟು ವರ್ಷ ಹೀಗೆ ಕೂತೆವು. ಗೆಳೆಯರಾಗಿದ್ದೆವು ಎಂದು ಹೇಳಲಾರೆ. ಒಬ್ಬರ ತಪ್ಪನ್ನು ಇನ್ನೊಬ್ಬರು ಚೆನ್ನಾಗಿ ಬಲ್ಲವರಾಗಿದ್ದೆವು.

ಅವರ ನಿಜವಾದ ಕಸುಬು ಆಟ ಆಡಿಸುವುದಲ್ಲ, ಸಭೆ ನಡೆಸುವುದು. ಬಂಟ್ವಾಳದಿಂದ ಮೂಡುಬಿದಿರೆಯವರೆಗೆ, ಈಚೆ ಚಾರ್ಮಾಡಿಯವರೆಗೆ, ಯುವಕ ಮಂಡಲದ ವಾರ್ಷಿಕೋತ್ಸವವಿರಲಿ, ಹಾಲಿನ ಸೊಸೈಟಿಯ ಕಟ್ಟಡ ಉದ್ಘಾಟನೆಯಿರಲಿ, ನಿರೂಪಣೆಗೆ ಅವರೇ ಆಗಬೇಕು. ಕರೆದವರ ಜಾತಿ, ಪಕ್ಷ, ಅಂತಸ್ತು ಯಾವುದನ್ನೂ ಕೇಳುತ್ತಿರಲಿಲ್ಲ. ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತಿದ್ದರು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿಗೆ ಪಟ್ಟಿ ಬರೆದುಕೊಂಡು, ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಳ್ಳುತ್ತಿದ್ದರು. ಕೊರಳಿನಲ್ಲಿ ಸೀಟಿ ವೇದಿಕೆಯ ಮೇಲೂ ಇರುತ್ತಿತ್ತು. ಮೈಕ್ ಪರೀಕ್ಷೆಗೆ ಎಲ್ಲರೂ ಹಲೋ ಹಲೋ ಎಂದರೆ ಅವರು ಬಸ್ ಕಂಡಕ್ಟರನ ಹಾಗೆ, “ಬಿ.ಸಿ.ರೋಡ್, ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿ” ಎನ್ನುತ್ತಿದ್ದರು. ಬೆಳ್ತಂಗಡಿ ಸ್ಪಷ್ಟವಾಗಿ ಕೇಳಿದರೆ ಮೈಕ್ ಸರಿ ಇದೆ ಎಂದು ಲೆಕ್ಕ.

ಅವರ ಕ್ರಮ ಎಂದರೆ ಕ್ರಮ. ಸ್ವಾಗತವಾಗದೆ ದೀಪವಿಲ್ಲ, ದೀಪವಾಗದೆ ಮಾತಿಲ್ಲ, ಅಧ್ಯಕ್ಷರ ಮಾತಾದ ಮೇಲೆ ಯಾರ ಮಾತೂ ಇಲ್ಲ. ಒಮ್ಮೆ ತಡವಾಗಿ ಬಂದ ದೊಡ್ಡ ಮನುಷ್ಯರೊಬ್ಬರು, ನನಗೆ ಅರ್ಜೆಂಟ್ ಇದೆ, ಮೊದಲು ನಾನು ಮಾತಾಡಿ ಹೋಗುತ್ತೇನೆ ಎಂದರು. ಮಾಸ್ಟ್ರು ಕೈ ಮುಗಿದು, “ಆಗ್ಲಿ ಸರ್, ಆದ್ರೆ ನಿಮ್ಮದು ನಾಲ್ಕನೇದ್ದು. ಈಗ ಎರಡು ನಡೀತಾ ಉಂಟು” ಎಂದರು. ದೊಡ್ಡವರು ಕೂತರು. ಕೂರದೆ ಉಪಾಯವಿರಲಿಲ್ಲ, ಮೈಕ್ ಮಾಸ್ಟ್ರ ಕೈಯಲ್ಲಿತ್ತು.

ಇನ್ನೊಮ್ಮೆ ನಮ್ಮ ಶಾಲೆಯ ಕ್ರೀಡಾಕೂಟದ ಸಮಾರೋಪದ ದಿನ ಕಾಲವಲ್ಲದ ಕಾಲದಲ್ಲಿ ಮಳೆ ಹೊಡೆಯಿತು. ಅತಿಥಿಗಳು, ಪೋಷಕರು, ಮಕ್ಕಳು ಎಲ್ಲರೂ ಜಗಲಿಗೆ ಓಡಿದರು. ಧನ್ಯವಾದ ಬಾಕಿಯಿತ್ತು. ಅವರು ಪಟ್ಟಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಖಾಲಿ ಕುರ್ಚಿಗಳ ಮುಂದೆ ನೆನೆಯುತ್ತ ನಿಂತು, ಒಂದೊಂದೇ ಹೆಸರು ಹೇಳಿದರು. ಬಹುಮಾನ ಕೊಟ್ಟವರು, ಸುಣ್ಣದ ಗೆರೆ ಹಾಕಿದವರು, ಶರಬತ್ತು ಮಾಡಿದ ಅಡುಗೆಯ ವಾರಿಜಕ್ಕ. ಕೊನೆಗೆ, “ಶಾಮಿಯಾನ ಒದಗಿಸಿದ, ಈಗ ಬಿಚ್ಚುತ್ತಾ ಇರುವ, ಸೌಂಡ್ಸಿನವರಿಗೂ ಧನ್ಯವಾದ.” ಜಗಲಿಯಲ್ಲಿ ನಿಂತವರು ಬಿದ್ದು ಬಿದ್ದು ನಕ್ಕರು. ಶಾಮಿಯಾನದವನು ಮಾತ್ರ ಕಂಬದ ಮೇಲಿಂದಲೇ ಕೈ ಮುಗಿದ.

ಈ ಕ್ರಮಕ್ಕೆ ಹಲ್ಲೂ ಇತ್ತು. ಪ್ರತಿಭಾ ಪುರಸ್ಕಾರದ ದಿನ ಒಬ್ಬ ಹುಡುಗಿಯ ತಾಯಿ ಮಂಗಳೂರಿನಿಂದ ಬರುವ ಬಸ್ಸು ಕೈಕೊಟ್ಟು ತಡವಾಗಿ ಬಂದರು. ಮಗಳ ಜೊತೆ ವೇದಿಕೆಯಲ್ಲಿ ಒಂದು ಫೋಟೋ ಬೇಕಿತ್ತು ಅವರಿಗೆ, ಅಷ್ಟೇ. ಬಹುಮಾನ ವಿತರಣೆ ಮುಗಿದಿತ್ತು. ಮಾಸ್ಟ್ರು ಒಪ್ಪಲಿಲ್ಲ. “ಒಬ್ಬರಿಗೆ ಹಿಂದೆ ಹೋದ್ರೆ ಎಲ್ಲರಿಗೂ ಹಿಂದೆ ಹೋಗ್ಬೇಕಾಗ್ತದೆ” ಎಂದರು. ಫೋಟೋ ಆಫೀಸಿನಲ್ಲಿ, ಕಪಾಟಿನ ಮುಂದೆ ಆಯಿತು. ಆ ವಿಷಯದಲ್ಲಿ ನಾನು ಅವರನ್ನು ಈಗಲೂ ಕ್ಷಮಿಸಿಲ್ಲ. ತೀರಿಕೊಂಡರೆಂದು ಹೊಗಳಿ ಬರೆಯುವುದಾದರೆ ಬರೆಯುವುದೇ ಬೇಡ.

ನನಗೆ ಅವರ ಕ್ರಮದ ಮೇಲೆ ದೂರಿರಲಿಲ್ಲ. ದೂರಿದ್ದದ್ದು ಅವರ ಭಾಷೆಯ ಮೇಲೆ. “ಗೆಸ್ಟ್‌ಗಳೆಲ್ಲ ಸೀಟ್ ತಗೊಂಡಾಯ್ತು, ಇನ್ನು ಪ್ರೇಯರ್ ಮಾಡುವ” ಎಂದು ಒಂದು ಕನ್ನಡ ಶಾಲೆಯ ವೇದಿಕೆಯಿಂದ ಹೇಳುವುದನ್ನು ಕೇಳಿದರೆ ಹಲ್ಲಿನ ನಡುವೆ ಕಲ್ಲು ಸಿಕ್ಕಿದ ಹಾಗಾಗುತ್ತಿತ್ತು. ನನ್ನ ಮನೆಮಾತು ತುಳು. ಆದರೆ ಶಾಲೆಯ ಗೇಟು ದಾಟಿದ ಮೇಲೆ ನನ್ನ ಬಾಯಿಂದ ಒಂದು ತುಳು ಶಬ್ದ ಬಿದ್ದದ್ದನ್ನು ಯಾರೂ ಕೇಳಿಲ್ಲ. ಮಕ್ಕಳು ತುಳುವಿನಲ್ಲಿ ನೀರು ಕೇಳಿದರೆ ಕನ್ನಡದಲ್ಲಿ ಕೇಳುವವರೆಗೆ ಕಾಯಿಸುತ್ತಿದ್ದೆ. ಊಟದ ಡಬ್ಬಿಯನ್ನು ಮನೆಯಿಂದ ತರುತ್ತಿದ್ದೆ. ಶಾಲೆಯ ಬಿಸಿಯೂಟವನ್ನು ಮಾಸ್ಟ್ರು ಮಕ್ಕಳ ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕೂತು ಉಣ್ಣುತ್ತಿದ್ದರು. ನನ್ನನ್ನು ಕರೆದರೆ, ಹೊಟ್ಟೆಗೆ ಆಗುವುದಿಲ್ಲ ಎನ್ನುತ್ತಿದ್ದೆ. ನನ್ನ ಹೊಟ್ಟೆಗೆ ಏನೂ ಆಗಿರಲಿಲ್ಲ. ಮನೆಯಲ್ಲಿ ಕಲಿತದ್ದು ಬಿಟ್ಟಿರಲಿಲ್ಲ, ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಇರಲಿಲ್ಲ.

ಮುಖ್ಯೋಪಾಧ್ಯಾಯಿನಿ ತಮಾಷೆಗೆ, “ನಮ್ಮ ಶಾಲೆಯಲ್ಲಿ ಎರಡು ಮಡಿ ಉಂಟು. ಒಂದು ಪಂಡಿತರದ್ದು, ಒಂದು ಪಿ.ಟಿ. ಮಾಸ್ಟ್ರದ್ದು. ಎರಡೂ ಮುಟ್ಲಿಕ್ಕಿಲ್ಲ” ಎನ್ನುತ್ತಿದ್ದರು. ಇಬ್ಬರೂ ನಗುತ್ತಿದ್ದೆವು. ಇಬ್ಬರೂ ಒಂದೇ ಜಾತಿಯ ಹಟಮಾರಿಗಳು ಎಂದು ನಾನೂ ನಂಬಿದ್ದೆ.

ಉಂಟು ಎಂಬ ಶಬ್ದದ ಕತೆ ಇಲ್ಲಿ ಹೇಳಲೇಬೇಕು. ನಮ್ಮ ಮಕ್ಕಳು ಪ್ರಬಂಧದಲ್ಲಿ ‘ನಮ್ಮ ಮನೆಯಲ್ಲಿ ಮೂರು ದನ ಉಂಟು’ ಎಂದು ಬರೆಯುತ್ತಾರೆ. ಅದು ತುಳುವಿನ ‘ಉಂಡು’ ಕನ್ನಡಕ್ಕೆ ನುಸುಳಿದ್ದು ಎಂದುಕೊಂಡು ವರ್ಷಗಟ್ಟಲೆ ಕೆಂಪು ಶಾಯಿಯಲ್ಲಿ ಹೊಡೆದು ‘ದನಗಳಿವೆ’ ಎಂದು ಬರೆದೆ. ಒಂದು ಮಧ್ಯಾಹ್ನ ಬೇರೆ ಯಾವುದೋ ಶಬ್ದ ಹುಡುಕಲು ನಿಘಂಟು ತೆರೆದಾಗ ಉಂಟು ಕಣ್ಣಿಗೆ ಬಿತ್ತು. ಹಳೆಯ, ಅಪ್ಪಟ ಕನ್ನಡ ಶಬ್ದ. ಕಾವ್ಯಗಳಲ್ಲೆಲ್ಲ ಇದೆ. ಓದಿದವನೇ ನಾನು, ಆದರೂ ಕಂಡಿರಲಿಲ್ಲ. ನಿಘಂಟು ಮುಚ್ಚಿ ಪಕ್ಕದ ಮೇಜಿನವರಿಗೆ ಮಾತ್ರ ಹೇಳಿದೆ. ಅವರು ಸೀಟಿ ಕುಣಿಯುವಷ್ಟು ನಕ್ಕರು.

“ಹಾಗಾದ್ರೆ ಇಷ್ಟು ವರ್ಷ ಮನೆಯವನನ್ನೇ ಹೊರಗೆ ಹಾಕಿದ್ದಾ ಪಂಡಿತ್ರೆ? ಇನ್ನು ಹೊಡೆಯುದಿಲ್ಲ ಅಲ್ವಾ?”

“ನೋಡಬೇಕು. ಅಭ್ಯಾಸ ಉಂಟಲ್ಲ” ಎಂದೆ. ಹೇಳಿ ಮುಗಿದ ಮೇಲೆಯೇ ಏನು ಹೇಳಿದೆನೆಂದು ತಿಳಿದದ್ದು. ಅವರಿಗೆ ಮತ್ತೊಂದು ಸುತ್ತು ನಗು.

ಮೂಡುಬಿದಿರೆಯಲ್ಲಿ ಒಮ್ಮೆ ಶಿಕ್ಷಕರ ಕಾರ್ಯಾಗಾರ. ನಾನು ಶಿಬಿರಾರ್ಥಿ, ಅವರು ನಿರೂಪಕರು. ಉಪನ್ಯಾಸ ಕೊಡಲು ಬಂದವರು ಹಲಗೆಯ ಮೇಲೆ ಎರಡು ಶಬ್ದ ಬರೆದರು. ಫಾರ್ಮಲಿಸಂ, ಪ್ಯೂರಿಸಂ. ಇವಕ್ಕೆ ಕನ್ನಡದಲ್ಲಿ ಏನೆನ್ನುತ್ತೀರಿ ಎಂದು ಕೇಳಿದರು. ನಾನು ಚೀಟಿಯಲ್ಲಿ ಎರಡರ ಮುಂದೆಯೂ ‘ಮಡಿವಂತಿಕೆ’ ಎಂದು ಬರೆದು ಕೊಟ್ಟೆ. ಒಂದೇ ಶಬ್ದದಲ್ಲಿ ಎರಡು ಕೆಲಸ ಮುಗಿಸಿದ ಹೆಮ್ಮೆ. ಉಪನ್ಯಾಸಕರು ಚೀಟಿಯನ್ನು ಓದಿ, ಯಾರದ್ದೆಂದು ಕೇಳದೆ ಪಕ್ಕಕ್ಕಿಟ್ಟರು. ಒಂದು ರೂಪನಿಷ್ಠೆ, ಇನ್ನೊಂದು ಶುದ್ಧಿನಿಷ್ಠೆ. ಒಂದು ಆಕಾರವನ್ನು ಕಾಯುತ್ತದೆ, ಇನ್ನೊಂದು ಬೆರಕೆಯನ್ನು ತಡೆಯುತ್ತದೆ ಎಂದರು. ಪುಸ್ತಕದಲ್ಲಿ ಬರೆದುಕೊಂಡೆ. ತಲೆಯೊಳಗೆ ಏನೂ ಹೋಗಲಿಲ್ಲ.

ವೇಣೂರಿನ ಮೇಲೆ ಬರುವ ಬಸ್ಸಿನಲ್ಲಿ ಇಬ್ಬರೂ ಒಟ್ಟಿಗೆ ಕೂತೆವು. “ಎರಡೂ ಒಂದೇ ಮಾಸ್ಟ್ರೆ. ಎರಡೂ ಬಿಗಿ, ಎರಡರಲ್ಲೂ ಬಗ್ಗುವುದಿಲ್ಲ. ಹೆಸರು ಬೇರೆ ಇಟ್ಟರೆ ಆಯಿತೆ?” ಎಂದೆ.

ಅವರು ಕಿಟಕಿಯ ಹೊರಗೆ ನೋಡುತ್ತ, “ಇಲ್ಲ ಪಂಡಿತ್ರೆ. ನಿಮ್ಮನ್ನೂ ನನ್ನನ್ನೂ ಒಂದೇ ಅಂತ ಹೆಡ್‌ಮೇಡಂ ಹೇಳ್ತಾರಲ್ಲ, ಅದು ನಂಗೆ ಸರಿ ಕಾಣುದಿಲ್ಲ. ಎಂತ ವ್ಯತ್ಯಾಸ ಅಂತ ಹೇಳ್ಲಿಕ್ಕೆ ಬರುದಿಲ್ಲ. ಆದ್ರೆ ಉಂಟು” ಎಂದರು. ಆಮೇಲೆ ಗುರುವಾಯನಕೆರೆ ಬರುವವರೆಗೆ ನಿದ್ದೆ ಮಾಡಿದರು.

ವ್ಯತ್ಯಾಸ ನನಗೆ ಕಂಡದ್ದು ವಾರಿಜಕ್ಕನ ಬೀಳ್ಕೊಡುಗೆಯ ದಿನ.

ವಾರಿಜಕ್ಕ ನಮ್ಮ ಶಾಲೆಯಲ್ಲಿ ಬಿಸಿಯೂಟ ಶುರುವಾದಂದಿನಿಂದ ಅಡುಗೆಯವರು. ಮನೆ ಶಾಲೆಯ ಹಿಂದೆಯೇ. ಅರುವತ್ತು ತುಂಬಿತು, ನಿಲ್ಲಲೇಬೇಕಾಯಿತು. ಮಾಸ್ಟ್ರು ಪಟ್ಟು ಹಿಡಿದು, ಅಧ್ಯಾಪಕರಿಗೆ ಮಾಡುವಂಥದೇ ಸಭೆ ಮಾಡಬೇಕು, ಶಾಲು, ಹಾರ, ಹಣ್ಣಿನ ಬುಟ್ಟಿ, ಸನ್ಮಾನ ಪತ್ರ ಎಲ್ಲ ಇರಬೇಕು ಎಂದರು. ಪಟ್ಟಿಯೂ ಬಂತು. ಐದನೆಯದು, ಸನ್ಮಾನಕ್ಕೆ ಉತ್ತರ. ಅಂದರೆ ಸನ್ಮಾನ ಪಡೆದವರು ಎದ್ದು ಎರಡು ಮಾತಾಡುವುದು. ಇಲಾಖೆಯಿಂದ ಒಬ್ಬ ಅಧಿಕಾರಿ ಬರುವವರಿದ್ದರು. ಮುಖ್ಯೋಪಾಧ್ಯಾಯಿನಿಗೆ ಗಾಬರಿ. ವಾರಿಜಕ್ಕನಿಗೆ ತುಳು ಬಿಟ್ಟರೆ ಬೇರೆ ಮಾತು ಸಲೀಸಲ್ಲ.

“ನೀವು ಕನ್ನಡದಲ್ಲಿ ಚಂದ ಮಾಡಿ ಬರ್ದು ಕೊಡಿ, ಅವರು ಓದ್ಲಿ” ಎಂದರು ನನಗೆ.

ನಾನು ಆರು ವಾಕ್ಯ ಬರೆದೆ. ಒಂದೇ ಒಂದು ಇಂಗ್ಲಿಷ್ ಶಬ್ದವಿಲ್ಲ, ತುಳುವಿನ ನೆರಳಿಲ್ಲ. ‘ನನ್ನ ಅಲ್ಪ ಸೇವೆಯನ್ನು ಗುರುತಿಸಿ ಗೌರವಿಸಿದ ತಮಗೆಲ್ಲರಿಗೂ ನಾನು ಚಿರಋಣಿ’ ಎಂಬುದು ಕೊನೆಯ ವಾಕ್ಯ. ಬರೆದು ಮುಗಿಸಿ ನನಗೇ ಸಂತೋಷವಾಯಿತು.

ನಾಲ್ಕನೆಯ ತರಗತಿಯವರೆಗೆ ಕಲಿತವರು ವಾರಿಜಕ್ಕ. ಹತ್ತು ದಿನ ಅನ್ನ ಬೇಯುವಷ್ಟು ಹೊತ್ತು ಆ ಕಾಗದ ಹಿಡಿದು ಅಭ್ಯಾಸ ಮಾಡಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ತಿದ್ದುತ್ತಿದ್ದೆ, ಒಳಗೆ ಹೋಗುತ್ತಿರಲಿಲ್ಲ. ಗೌರವಿಸಿದ ಎನ್ನುವುದು ಅವರ ಬಾಯಲ್ಲಿ ಗವರಿಸಿದ ಆಗುತ್ತಿತ್ತು. ಚಿರಋಣಿಯಂತೂ ದಿನಕ್ಕೊಂದು ವೇಷ ಹಾಕುತ್ತಿತ್ತು. ಏಳನೆಯ ದಿನವೋ ಎಂಟನೆಯ ದಿನವೋ ಅವರು ಸೌಟು ಕೆಳಗಿಟ್ಟು ಕೇಳಿದರು:

“ಸರ್, ತುಳುವಿನಲ್ಲಿ ಎರಡು ಮಾತು ಆಗುದಿಲ್ವಾ? ನಂಗೆ ಒಂದು ಕೇಳ್ಲಿಕ್ಕೆ ಉಂಟು ಎಲ್ಲರ ಹತ್ರ. ಒಂದೇ ಒಂದು.”

“ಶಾಲೆಯ ವೇದಿಕೆ ವಾರಿಜಕ್ಕ. ಅಲ್ಲಿ ಕನ್ನಡವೇ ಆಗಬೇಕು. ಬರೆದದ್ದನ್ನು ಓದಿ, ಸಾಕು” ಎಂದೆ. ಕೇಳಲಿಕ್ಕೆ ಇರುವುದೇನೆಂದು ನಾನು ಕೇಳಲಿಲ್ಲ.

ಸಭೆ ಮಧ್ಯಾಹ್ನ ಊಟವಾದ ಮೇಲೆ. ಅಂದು ಕೂಡ ಬೆಳಿಗ್ಗೆ ಬಂದು ಅನ್ನ ಸಾರು ಮಾಡಿ ಬಡಿಸಿ, ಪಾತ್ರೆ ಕವುಚಿಟ್ಟು, ಸೀರೆ ಬದಲಿಸಿಕೊಂಡು ವಾರಿಜಕ್ಕ ವೇದಿಕೆ ಹತ್ತಿದರು. ಶಾಲು ಹೊದಿಸಿದರು, ಹಾರ ಹಾಕಿದರು. ನಾನು ಬರೆದ ಸನ್ಮಾನ ಪತ್ರವನ್ನು ನಾನೇ ಓದಿದೆ. ಮಾಸ್ಟ್ರು ಪಟ್ಟಿ ನೋಡಿ, “ಐದನೇದ್ದು, ಸನ್ಮಾನಕ್ಕೆ ಉತ್ತರ, ವಾರಿಜಕ್ಕ” ಎಂದರು.

ವಾರಿಜಕ್ಕ ಎದ್ದು ಮೈಕಿನ ಮುಂದೆ ಬಂದರು. ಕಾಗದ ತೆರೆದರು. ಮೊದಲ ಸಾಲು ಓದಿದರು, ಎರಡನೆಯದರಲ್ಲಿ ತಡವರಿಸಿದರು, ಮತ್ತೆ ಮೊದಲಿನಿಂದ ಶುರು ಮಾಡಿದರು. ‘ಗವ’ ಎನ್ನುವಲ್ಲಿ ನಿಂತರು. ನನ್ನ ಕಡೆ ನೋಡಿದರು. ನನ್ನ ಮುಖದಲ್ಲಿ ಏನಿತ್ತೋ, ಅದನ್ನು ನೋಡಿದ ಮೇಲೆ ಅವರ ಬಾಯಿ ಪೂರ್ತಿ ಕಟ್ಟಿತು. ಹಿಂದಿನ ಸಾಲಿನಲ್ಲಿ ಕೆಲವು ಮಕ್ಕಳು ಕಿಸಕ್ಕೆಂದರು. ಅಧಿಕಾರಿ ಗಡಿಯಾರ ನೋಡಿಕೊಂಡರು. ಮುಖ್ಯೋಪಾಧ್ಯಾಯಿನಿ ನನಗೆ ಕಣ್ಣಿನಲ್ಲೇ, ಮುಂದೆ ಹೋಗಲಿ ಎಂದರು. ನಾನು ಬಗ್ಗಿಕೊಂಡು ಮಾಸ್ಟ್ರ ಹತ್ತಿರ ಹೋದೆ.

“ಆಯಿತು ಮಾಸ್ಟ್ರೆ, ಅವರನ್ನು ಕೂರಿಸಿ. ಮುಂದಕ್ಕೆ ಹೋಗುವ.”

“ಹೇಗೆ ಹೋಗುದು? ಐದು ಆಗ್ಲಿಲ್ಲ. ಐದು ಆಗದೆ ಆರು ಎಲ್ಲಿಂದ ಬರ್ತದೆ?”

“ಮರ್ಯಾದೆ ಹೋಗುತ್ತದೆ ಮಾರಾಯ್ರೆ.”

“ಯಾರದ್ದು?” ಎಂದರು. ಸ್ವರ ಏರಿಸಲಿಲ್ಲ.

ಆಮೇಲೆ ವಾರಿಜಕ್ಕನ ಹತ್ತಿರ ಹೋಗಿ ಅವರ ಕೈಯಿಂದ ನನ್ನ ಕಾಗದವನ್ನು ಮೆಲ್ಲಗೆ ತೆಗೆದು ಮಡಚಿ ತಮ್ಮ ಕಿಸೆಗೆ ಹಾಕಿಕೊಂಡರು. ತಮ್ಮ ಪಟ್ಟಿಯನ್ನು ಅವರಿಗೆ ತೋರಿಸಿದರು. ಮೈಕ್ ತೆರೆದೇ ಇತ್ತು, ಎಲ್ಲರಿಗೂ ಕೇಳಿತು.

“ನೋಡಿ ವಾರಿಜಕ್ಕ, ಇಲ್ಲಿ ಐದನೇದ್ದು ನಿಮ್ಮ ಹೆಸರು ಉಂಟು. ಯಾವ ಭಾಷೆ ಅಂತ ಬರ್ದಿಲ್ಲ. ಎಷ್ಟು ಹೊತ್ತು ಅಂತಲೂ ಬರ್ದಿಲ್ಲ. ಟೈಮ್ ಉಂಟು.”

ಹೇಳಿ ಎರಡು ಹೆಜ್ಜೆ ಹಿಂದೆ ಬಂದು ಕೈ ಹಿಂದೆ ಕಟ್ಟಿ ನಿಂತರು, ಮೈದಾನದಲ್ಲಿ ಸಾವಧಾನ್ ವಿಶ್ರಾಮ್ ಹೇಳಿದ ಮೇಲೆ ನಿಲ್ಲುವ ಹಾಗೆ. ಸಭೆ ಕಾದಿತು. ಅಧಿಕಾರಿಯೂ ಕಾದರು. ನನಗೆ ಆ ಹೊತ್ತು ಬಹಳ ಉದ್ದವಾಗಿ ಕಂಡಿತು.

ವಾರಿಜಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಮಕ್ಕಳ ಕಡೆ ನೋಡಿ, ದಿನವೂ ಬಡಿಸುವಾಗಿನ ಅದೇ ಸ್ವರದಲ್ಲಿ ಕೇಳಿದರು:

“ಮಾತೆರೆನ ಒಣಸ್ ಆಂಡಾ?”

ಎಲ್ಲರದೂ ಊಟ ಆಯಿತಾ ಎಂದು. ಅಷ್ಟೇ. ಮುನ್ನೂರು ಮಕ್ಕಳು ಒಂದೇ ಬಾಯಿಯಲ್ಲಿ “ಆಂಡ್!” ಎಂದು ಕೂಗಿದರು. ಸಭಾಂಗಣದ ಶೀಟು ಅದುರಿತು. ವಾರಿಜಕ್ಕ ಮುಖ ಮುಚ್ಚಿಕೊಂಡರು, ಆಮೇಲೆ ನಕ್ಕರು. ಆಮೇಲೆ ತುಳುವಿನಲ್ಲಿಯೇ ನಾಲ್ಕು ಮಾತು ಹೇಳಿದರು. ಇಷ್ಟು ವರ್ಷ ಬಡಿಸಿ ಬಡಿಸಿ ಮುಂದಿನ ಸಾಲಿಗೆ ಹೋಗುವಾಗ ಕೇಳಿದ್ದಕ್ಕೆ ಉತ್ತರ ಸರಿಯಾಗಿ ಕಿವಿಗೆ ಬೀಳುತ್ತಿರಲಿಲ್ಲ, ಗಲಾಟೆ ಮಾತ್ರ ಕೇಳುತ್ತಿತ್ತು, ಹೋಗುವ ಮೊದಲು ಒಮ್ಮೆ ಎಲ್ಲರನ್ನೂ ಒಟ್ಟಿಗೆ ಕೇಳಿ, ಎಲ್ಲರೂ ಹೇಳುವುದನ್ನು ನಿಂತು ಕೇಳಬೇಕೆಂದು ಆಸೆಯಿತ್ತು, ಕೇಳಿದೆ, ಸಾಕು. ಹೀಗೆ ಹೇಳಿ ಹೋಗಿ ಕೂತರು.

ಮಾಸ್ಟ್ರು ಪಟ್ಟಿಯ ಮೇಲೆ ಒಂದು ಗೀಟು ಹಾಕಿದರು. “ಸನ್ಮಾನಕ್ಕೆ ಉತ್ತರ ಬಂತು. ಆರನೇದ್ದು, ಅಧ್ಯಕ್ಷರ ಮಾತು.”

ವಾರಿಜಕ್ಕ ಕೇಳಿದ್ದು ಎಲ್ಲರನ್ನು. ವೇದಿಕೆಯ ಮೇಲಿದ್ದ ಅಧ್ಯಾಪಕರೂ ಮಕ್ಕಳ ಜೊತೆ ಆಂಡ್ ಎಂದಿದ್ದರು. ನಾನು ಸುಮ್ಮನಿದ್ದೆ. ನನ್ನ ಡಬ್ಬಿ ಸ್ಟಾಫ್‌ರೂಮಿನ ಮೇಜಿನ ಮೇಲೆ ಖಾಲಿಯಾಗಿ ಕೂತಿತ್ತು. ಹತ್ತು ದಿನ ಅವರನ್ನು ಹಿಂಡಿ, ಅವರಿಗೆ ಬೇಕಾಗಿದ್ದ ಒಂದೇ ಒಂದು ಪ್ರಶ್ನೆಯನ್ನು ಅವರ ಬಾಯಿಂದ ಕಿತ್ತುಕೊಳ್ಳಲು ಹೊರಟಿದ್ದೆ. ನನಗೆ ನಾಚಿಕೆಯಾಯಿತು. ಅದನ್ನು ಅಂದು ಯಾರಿಗೂ ಹೇಳಲಿಲ್ಲ. ಬದಲು ಜಗಳಕ್ಕೆ ಹೋದೆ.

ಸಂಜೆ ಮಡಂತ್ಯಾರಿನಲ್ಲಿ ಬಸ್ಸಿಗೆ ಕಾಯುತ್ತ, “ಕ್ರಮ ಕ್ರಮ ಅಂತ ಹೇಳುವವರು ಇವತ್ತು ನೀವೇ ಕ್ರಮ ತಪ್ಪಿಸಿದಿರಿ” ಎಂದೆ.

“ಎಲ್ಲಿ ತಪ್ಪಿದೆ, ತೋರ್ಸಿ ಮಾರಾಯ್ರೆ” ಎಂದು ಪಟ್ಟಿಯನ್ನೇ ನನ್ನ ಕೈಗೆ ಕೊಟ್ಟರು. ಒಂದರಿಂದ ಏಳರವರೆಗೆ ಗೀಟು ಬಿದ್ದಿತ್ತು. ತಪ್ಪು ಸಿಗಲಿಲ್ಲ. ಪಟ್ಟಿ ಹಿಂತಿರುಗಿಸಿದೆ. ಅವರು ಅದನ್ನು ಮಡಚಿ ಕಿಸೆಗೆ ಹಾಕಿಕೊಂಡು ಹೇಳಿದರು:

“ಅವತ್ತು ಬಸ್ಸಿನಲ್ಲಿ ಕೇಳಿದ್ರಲ್ಲ ನೀವು, ಎರಡೂ ಒಂದೇ ಅಂತ. ಈಗ ಹೇಳ್ತೇನೆ ನೋಡಿ. ಎಲೆ ಹಾಕಿ ಊಟಕ್ಕೆ ಕೂತಾಗ ನನ್ನ ಹಾಗಿನವ ಉಪ್ಪು ಎಲ್ಲಿ ಬಡಿಸಿದ್ದು ಅಂತ ನೋಡ್ತಾನೆ. ಎಡಗಡೆ ತುದಿಯಲ್ಲಿ ಇರ್ಬೇಕು, ಇದ್ರೆ ಆಯ್ತು. ನಿಮ್ಮ ಹಾಗಿನವ ಯಾರು ಬಡಿಸಿದ್ದು ಅಂತ ನೋಡ್ತಾನೆ. ಇಷ್ಟೇ ವ್ಯತ್ಯಾಸ.”

ಬಸ್ಸು ಬಂತು. ಅವರು ಬೆಳ್ತಂಗಡಿ ಕಡೆ, ನಾನು ಬಿ.ಸಿ.ರೋಡ್ ಕಡೆ. ಮೆಟ್ಟಿಲು ಹತ್ತಿದವರು ತಿರುಗಿ, “ಬೇಸರ ಮಾಡ್ಬೇಡಿ ಆಯ್ತಾ” ಎಂದರು. ಬೇಸರವಾಗಿತ್ತು. ಎರಡು ವಾರ ನಾನು ಅವರೊಡನೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅವರ ವಾಲಿಬಾಲ್ ಉರುಳಿ ಬಂದು ನನ್ನ ಚಹಾ ಚೆಲ್ಲಿತು, ಬೈಯಲಿಕ್ಕಾದರೂ ಮಾತಾಡಬೇಕಾಯಿತು.

ಅವರು ನಿವೃತ್ತರಾದದ್ದು ಅದಾಗಿ ನಾಲ್ಕು ವರ್ಷಕ್ಕೆ. ಅವರ ಬೀಳ್ಕೊಡುಗೆಗೂ ಪಟ್ಟಿ ಅವರದೇ. ‘ಸನ್ಮಾನಕ್ಕೆ ಉತ್ತರ’ದಲ್ಲಿ ಒಂದೂವರೆ ನಿಮಿಷ ಮಾತಾಡಿ, ಹೋಗಿ ಕೂತು, ಮತ್ತೆ ಎದ್ದು ಬಂದು ಆರನೆಯದನ್ನು ತಾವೇ ಕರೆದರು. ಆ ಸಂಜೆ ಸಂತಾಪ ಸಭೆಯ ಪಾಠವೂ ಆಯಿತು. ಇನ್ನು ಮುಂದೆ ಶಾಲೆಯ ನಿರೂಪಣೆ ನನ್ನದೆಂದು ತೀರ್ಮಾನವಾಗಿತ್ತು.

“ಒಂದು ನೆನಪಿಡಿ ಪಂಡಿತ್ರೆ. ಸಂತಾಪ ಸಭೆಗೆ ಧನ್ಯವಾದ ಇಲ್ಲ, ಚಪ್ಪಾಳೆ ಇಲ್ಲ. ಮೌನ ಮುಗಿದ ಮೇಲೆ ಎಂತದ್ದೂ ಹೇಳ್ಬಾರ್ದು. ಮೈಕ್ ಆಫ್ ಮಾಡಿ ಇಳಿಯುದು.”

“ಜನರಿಗೆ ಮುಗಿಯಿತು ಎಂದು ತಿಳಿಯುವುದು ಹೇಗೆ?”

“ತಿಳೀತದೆ. ಸ್ವಲ್ಪ ಹೊತ್ತು ಕೂತ್ಕೊಳ್ತಾರೆ. ಕೂತ್ಕೊಳ್ಲಿ.”

ಅವರು ಹೋದದ್ದು ಒಂದು ಬೆಳಿಗ್ಗೆ, ಎದೆನೋವು ಎಂದು ಆಸ್ಪತ್ರೆಗೆ ಹೊರಟ ದಾರಿಯಲ್ಲಿ. ಪರಿಚಯ ಬರೆಯಲು ವಿವರ ಬೇಕೆಂದು ನಾನು ಮುಂಡಾಜೆಗೆ ಹೋದೆ. ಅವರ ಹೆಂಡತಿ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಪಟ್ಟಿಗಳನ್ನು ತಂದು ಮುಂದಿಟ್ಟರು. “ಬಿಸಾಡ್ಲಿಕ್ಕೆ ಬಿಡ್ತಿರ್ಲಿಲ್ಲ. ನಿಮ್ಗೆ ಉಪಯೋಗಕ್ಕೆ ಬಂದ್ರೆ ತಗೊಳ್ಳಿ” ಎಂದರು.

ಕ್ಯಾಲೆಂಡರಿನ ಹಾಳೆಗಳ ನಡುವೆ ಒಂದು ಗೆರೆ ಎಳೆದ ಕಾಗದವಿತ್ತು. ನನ್ನ ಅಕ್ಷರ. ‘ನನ್ನ ಅಲ್ಪ ಸೇವೆಯನ್ನು ಗುರುತಿಸಿ.’ ತಿರುಗಿಸಿ ನೋಡಿದರೆ ಬೆನ್ನಿಗೆ ಅವರ ಅಕ್ಷರದಲ್ಲಿ ಯಾವುದೋ ಕಬಡ್ಡಿ ಪಂದ್ಯದ ಉದ್ಘಾಟನೆಯ ಪಟ್ಟಿ. ಕಾಗದದ ಒಂದು ಬದಿ ಖಾಲಿಯಿತ್ತು, ಬರೆದಿದ್ದರು. ನನ್ನ ಆರು ವಾಕ್ಯಗಳ ಬಗ್ಗೆ ಅವರಿಗೆ ಸಿಟ್ಟೂ ಇರಲಿಲ್ಲ, ಗೌರವವೂ ಇರಲಿಲ್ಲ. ಆ ಕಾಗದವೊಂದನ್ನೇ ಕಿಸೆಯಲ್ಲಿಟ್ಟುಕೊಂಡು ಬಂದೆ.

ಸಂತಾಪ ಸಭೆ ಶಾಲೆಯ ಸಭಾಂಗಣದಲ್ಲಿಯೇ ನಡೆಯಿತು. ದೊಡ್ಡವರು ಬಂದಿದ್ದರು, ಸೌಂಡ್ಸಿನವನೂ ಬಂದಿದ್ದ, ಮೈಕಿಗೆ ಬಾಡಿಗೆ ಬೇಡವೆಂದ. ಮೈಕ್ ಪರೀಕ್ಷೆ ನಾನು ಮಾಡಿದೆ. ಹಲೋ ಎನ್ನಲು ಮನಸ್ಸಾಗದೆ, “ಬಿ.ಸಿ.ರೋಡ್, ವಗ್ಗ, ಪುಂಜಾಲಕಟ್ಟೆ” ಎಂದೆ. ಬೆಳ್ತಂಗಡಿಗೆ ತಲುಪುವ ಮೊದಲೇ ಪಟ್ಟಿ ತೆಗೆದು ಒಂದನೆಯದನ್ನು ಕರೆದೆ. ಒಂದರಿಂದ ಮೂರರವರೆಗೆ ಕ್ರಮದಲ್ಲಿ ಆಯಿತು. ನಾಲ್ಕನೆಯದು, ಮೌನ. ಎಲ್ಲರೂ ಎದ್ದು ನಿಂತರು.

ಆ ಒಂದು ನಿಮಿಷದಲ್ಲಿ ನನಗೆ ಅವರಿಗೆ ಧನ್ಯವಾದ ಹೇಳಬೇಕೆನಿಸಿತು. ಕಿಸೆಯಲ್ಲಿ ಚಿರಋಣಿ ಎಂಬ ಶಬ್ದ ನನ್ನದೇ ಅಕ್ಷರದಲ್ಲಿತ್ತು. ಆದರೆ ಅದಕ್ಕೆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಮೌನ ಮುಗಿಯಿತು. ಮೈಕ್ ಆಫ್ ಮಾಡಿ ಇಳಿದೆ. ಅವರು ಹೇಳಿದ ಹಾಗೆಯೇ ಜನ ಸ್ವಲ್ಪ ಹೊತ್ತು ಕೂತರು. ಆಮೇಲೆ ಒಬ್ಬೊಬ್ಬರಾಗಿ, ಹೋಗಿ ಬರುತ್ತೇನೆ ಎನ್ನದೆ, ಎದ್ದು ಹೋದರು.

ಅಂಗಳದಲ್ಲಿ ವಾರಿಜಕ್ಕ ನಿಂತಿದ್ದರು. ಸೊಂಟ ಸ್ವಲ್ಪ ಬಾಗಿದೆ, ಕೂದಲು ಪೂರ್ತಿ ಬೆಳ್ಳಗಾಗಿದೆ.

“ಧನ್ಯವಾದ ಹೇಳ್ಲೇ ಇಲ್ಲ ನೀವು ಸರ್” ಎಂದರು.

“ಇಂಥ ಸಭೆಗೆ ಆ ಕ್ರಮ ಇಲ್ಲ ವಾರಿಜಕ್ಕ. ಅವರೇ ಹೇಳಿಕೊಟ್ಟದ್ದು.”

“ಅವ್ರು ಹೇಳಿದ್ದಾದ್ರೆ ಸರಿಯೇ ಇರ್ತದೆ” ಎಂದರು. ಇಬ್ಬರೂ ಗೇಟಿನವರೆಗೆ ನಡೆದೆವು. ಅವರ ಬೀಳ್ಕೊಡುಗೆಯ ದಿನದ ತಪ್ಪಿಗೆ ವಾರಿಜಕ್ಕನಲ್ಲಿ ಕ್ಷಮೆ ಕೇಳುವುದಿತ್ತು, ಅದೂ ಬಾಯಿಂದ ಹೊರಡಲಿಲ್ಲ. ಅವರು ನನ್ನ ಮುಖ ನೋಡಿ, ಕನ್ನಡ ಬಿಟ್ಟು, ಮೆಲ್ಲಗೆ ಕೇಳಿದರು:

“ಒಣಸ್ ಆಂಡಾ?”

ಗೇಟಿನ ಒಳಗೇ ಇದ್ದೆ ಇನ್ನೂ. “ಇಜ್ಜಿ ವಾರಿಜಕ್ಕ” ಎಂದೆ. ಇಲ್ಲ ಎಂದು. ಅವರು ಬೇರೇನೂ ಕೇಳದೆ ಮುಂದೆ ನಡೆದರು, ನಾನು ಹಿಂದೆ ಹೋದೆ.

ಅವರ ಮನೆಯ ಚಾವಡಿಯಲ್ಲಿ ಎಲೆ ಹಾಕಿದರು. ನೀರು ಚಿಮುಕಿಸಿ ಒರೆಸಿದೆ. ಮೊದಲು ಉಪ್ಪು ಬಂತು, ಎಡಗಡೆಯ ತುದಿಗೆ, ಎಲ್ಲಿರಬೇಕೋ ಅಲ್ಲೇ. ಆಮೇಲೆ ಅನ್ನ. ಯಾರು ಬಡಿಸುತ್ತಿದ್ದಾರೆಂದು ನಾನು ತಲೆಯೆತ್ತಿ ನೋಡಿದೆ, ನೋಡಿ ಉಂಡೆ.